ಗಾಳೆಮ್ಮನ ಮಡಿಯಲ್ಲಿ ಸ್ಪ್ಯಾನಿಷ್ ಹುಕುಂ

ಮಸ್ಕಿಯ ಅಂಬಿಕಾ ಸ್ಪ್ಯಾನಿಷ್ ಭಾಷೆಯನ್ನು ನಡುವಿನಿಂದ ಕಲಿತವಳು. ಹೊಸ ಭಾಷೆ ಕಲಿಯುವವರು ಮೊದಲು ‘ನನ್ನ ಹೆಸರು ಇಂಥದು, ನನ್ನ ಊರು ಇಂಥದು’ ಎನ್ನುವುದನ್ನು ಕಲಿಯುತ್ತಾರೆ. ಅಂಬಿಕಾಳಿಗೆ ಅಷ್ಟು ಹೇಳಲು ಬರುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು. ಆದರೆ ಅದಕ್ಕೂ ಮೊದಲೇ ‘ಬಾ, ಹೋಗು, ಇಡು, ಹಿಡಿ, ಹೊರಗೆ ನಡೆ’ ಎಂದು ಆ ಭಾಷೆಯಲ್ಲಿ ಯಾರನ್ನು ಬೇಕಾದರೂ ದುಡಿಸಬಲ್ಲವಳಾಗಿದ್ದಳು. ಯಾರಿಗೆ ಬೇಕಾದರೂ ಒಳ್ಳೆಯದಾಗಲಿ ಎಂದು ಹಾರೈಸಬಲ್ಲವಳೂ ಆಗಿದ್ದಳು. ತಾನು ಯಾರೆಂದು ಹೇಳಲು ಮಾತ್ರ ಬರುತ್ತಿರಲಿಲ್ಲ.

ಇದಕ್ಕೆ ಕಾರಣ ಲಿಂಗಸುಗೂರಿನ ಜಬೀವುಲ್ಲಾ ಚಾಚಾನ ರದ್ದಿ ಅಂಗಡಿ. ಅಂಬಿಕಾ ಮಸ್ಕಿಯ ಒಂದು ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಮಕ್ಕಳಿಗೆ ಹಳೆಯ ಚಿತ್ರದ ಪುಸ್ತಕಗಳು ಸಿಗುತ್ತವೇನೋ ಎಂದು ಆರು ವರ್ಷದ ಹಿಂದೆ ಆ ಅಂಗಡಿಗೆ ಹೋಗಿದ್ದಳು. ಅಲ್ಲಿ ರಟ್ಟು ಹರಿದ ಒಂದು ದಪ್ಪ ಪುಸ್ತಕ ತಕ್ಕಡಿಯ ಹತ್ತಿರ ಬಿದ್ದಿತ್ತು. ವರ್ಗವಾಗಿ ಹೋದ ಯಾರೋ ಎಂಜಿನಿಯರ್ ಮನೆಯವರು ಹಾಕಿ ಹೋದದ್ದಂತೆ.

“ಚಾಚಾ, ಇದು ಯಾವ ಭಾಷಾ?”

“ನಂಗೇನ್ ಗೊತ್ತವ್ವಾ, ಅಕ್ಷರ ಇಂಗ್ಲಿಷ್ ಇದ್ದಂಗ ಅದಾವ, ಮಾತು ಅದಲ್ಲ. ಮುಂದಿನ ಹಾಳಿ ಎಲ್ಲಾ ಹೋಗ್ಯಾವ. ಬೇಕಾದ್ರ ಹಂಗ ಒಯ್ಯಿ.”

ಪುಸ್ತಕ ಶುರುವಾಗುತ್ತಿದ್ದದ್ದೇ ಇಪ್ಪತ್ತೊಂದನೆಯ ಪಾಠದಿಂದ. ಆ ಪಾಠದಲ್ಲಿದ್ದದ್ದು ಆಜ್ಞೆ ಮಾಡುವ ಮಾತುಗಳು, ಅದರಲ್ಲೂ ನಿಯಮ ಮೀರುವ ಕ್ರಿಯಾಪದಗಳವು. ಅದರ ಮುಂದಿನ ಪಾಠ ‘ಆಗಲಿ, ಬರಲಿ, ಇರಲಿ’ ಎನ್ನುವ ಹಾರೈಕೆಯ ಮಾತುಗಳದ್ದು. ಉಳಿದವರು ವರ್ಷಗಟ್ಟಲೆ ಕಲಿತು ಕೊನೆಗೆ ಎಡವಿ ಬೀಳುವ ಜಾಗದಲ್ಲಿ ಅಂಬಿಕಾ ಅಂಬೆಗಾಲಿಟ್ಟಳು. ಇಂಗ್ಲಿಷಿನಲ್ಲಿ ಬರೆದಿದ್ದ ವಿವರಣೆ ಓದಿ ಇದು ಸ್ಪ್ಯಾನಿಷ್ ಎಂದು ತಿಳಿದುಕೊಂಡಳು, ಉಚ್ಚಾರವನ್ನು ಫೋನಿನಲ್ಲಿ ಕೇಳಿದಳು. ಬಾ ಎನ್ನಲು ವೆನ್. ಇಡು ಎನ್ನಲು ಪೊನ್. ಮಾಡು ಎನ್ನಲು ಆಸ್. ಹೇಳು ಎನ್ನಲು ದಿ. ಹೋಗು ಎನ್ನಲು ವೆ. ಎಲ್ಲ ತುಂಡು ತುಂಡು ಮಾತು. ಇವು ಯಾಕೆ ಹೀಗೆ ಸೊಟ್ಟಗಿವೆ ಎಂದು ಪುಸ್ತಕ ಬೇಸರಪಟ್ಟುಕೊಂಡಿತ್ತು. ಅಂಬಿಕಾಳಿಗೆ ಮಾತ್ರ ಅದು ಸೊಟ್ಟ ಅನಿಸಲೇ ಇಲ್ಲ. ನಾವೂ ಬರು ಎಂದು ಯಾರನ್ನೂ ಕರೆಯುವುದಿಲ್ಲವಲ್ಲ, ‘ಬಾ’ ಎನ್ನುತ್ತೇವೆ. ತರು ಎನ್ನುವುದಿಲ್ಲ, ‘ತಾ’ ಎನ್ನುತ್ತೇವೆ. ದಿನಾ ಬಳಸಿದ ಮಾತು ಹಳೆಯ ಕುಡುಗೋಲಿನಂತೆ ಸವೆದು ಗಿಡ್ಡವಾಗುತ್ತದೆ, ಅಷ್ಟೇ.

ನಡುವಿನಿಂದ ಕಲಿಯುತ್ತಿದ್ದೇನೆ ಎಂದು ತಾಯಿಗೆ ಹೇಳಿದಾಗ ಗಾಳೆಮ್ಮ ನಕ್ಕಿರಲಿಲ್ಲ. “ಆಗ್ಲೇಳು. ನಾವೂ ಹಿಂದಕ್ಕ ನಡ್ಕೋತ ನಡ್ಕೋತನ ಸಸಿ ಹಚ್ಚತೀವಿ. ಮಡಿ ತುಂಬಲ್ಲೇನು?” ಎಂದಿದ್ದಳು.

ಗಾಳೆಮ್ಮ ಗೊರೇಬಾಳದವಳು. ಭತ್ತದ ಸಸಿ ನಾಟಿ ಮಾಡುವ ಇಪ್ಪತ್ತೆರಡು ಹೆಣ್ಣುಮಕ್ಕಳ ಗುಂಪಿಗೆ ಮುಂದಾಳು. ಅಕ್ಷರ ಗೊತ್ತಿಲ್ಲ, ಆದರೆ ಕಾಲುವೆಯ ನೀರು ಯಾವ ಹೊಲಕ್ಕೆ ಯಾವತ್ತು ಬರುತ್ತದೆ ಎನ್ನುವುದು ಅವಳ ಬಾಯಲ್ಲಿತ್ತು. ನೀರು ಕಟ್ಟಿದ ಭತ್ತದ ಮಡಿಯ ಮೂಲೆಯಲ್ಲಿ ನಿಂತು ಒಂದು ಕೂಗು ಹಾಕಿದರೆ ಇಪ್ಪತ್ತೆರಡು ಬೆನ್ನು ಒಟ್ಟಿಗೆ ಬಾಗುತ್ತಿದ್ದವು.

ಆರು ವರ್ಷ ಅಂಬಿಕಾ ಹೀಗೇ ಕಲಿತಳು. ಹೈದರಾಬಾದಿಗೆ ಹೋಗಿ ಒಂದು ಪರೀಕ್ಷೆಯನ್ನೂ ಪಾಸು ಮಾಡಿದಳು. ಶಾಲೆಯ ಟೀಚರುಗಳು ಕೇಳುತ್ತಿದ್ದರು, “ಅಲ್ಲಾ ಅಂಬಿಕಾ, ಮಸ್ಕಿಯಾಗ ಆ ಮಾತು ಯಾರ ಕೂಡ ಆಡ್ತಿ? ದುರುಗಮ್ಮನ ಗುಡಿ ಮುಂದಿನ ಆಡಿನ ಕೂಡ ಆಡ್ತಿಯೇನು?” ಅವಳು ನಕ್ಕು ಮನೆಯ ದಾರಿ ಹಿಡಿಯುತ್ತಿದ್ದಳು. ಆದರೆ ಆ ಪ್ರಶ್ನೆ ಮನೆಯವರೆಗೂ ಅವಳ ಹಿಂದೆಯೇ ಬರುತ್ತಿತ್ತು. ಯಾರೂ ಕೇಳದ ಮಾತು, ಬಂದರೂ ಬಂದಂತೆ ಹೇಗೆ?

ಅದಕ್ಕೆ ಉತ್ತರ ಕೊಡುವ ಒಂದು ದಾರಿ ಈ ಶ್ರಾವಣದಲ್ಲಿ ತೆರೆಯಿತು. ಹೈದರಾಬಾದಿನ ಒಂದು ಕಂಪನಿ ತನ್ನ ಕೆಲಸಗಾರರಿಗೆ ಫೋನಿನ ಮೂಲಕವೇ ಸ್ಪ್ಯಾನಿಷ್ ಹೇಳಿಕೊಡುವ ಶಿಕ್ಷಕರನ್ನು ಹುಡುಕುತ್ತಿತ್ತು. ಕಾಲೇಜಿನ ಸರ್ಟಿಫಿಕೇಟ್ ಬೇಡ, ಇಪ್ಪತ್ತು ನಿಮಿಷ ಪಾಠ ಮಾಡಿ ತೋರಿಸಿದರೆ ಸಾಕು ಎಂದರು. ಕೊಟ್ಟ ವಿಷಯ ನೋಡಿ ಅಂಬಿಕಾಳಿಗೆ ನಗು ಬಂತು. ಅದೇ ಇಪ್ಪತ್ತೊಂದನೆಯ ಪಾಠ.

ಆ ಭಾನುವಾರ ಮಸ್ಕಿಯ ಮನೆಯಲ್ಲಿ, ಬುದ್ಧನ ಪಟದ ಕೆಳಗೆ ಕುರ್ಚಿ ಹಾಕಿಕೊಂಡು, ಫೋನನ್ನು ಸ್ಟೀಲ್ ಡಬ್ಬಿಗೆ ಒರಗಿಸಿ ಪಾಠ ಮಾಡಿದಳು. ದೊಡ್ಡ ಹಾಳೆಯ ಮೇಲೆ ನಲವತ್ತೆಂಟು ಮನೆಗಳ ಕೋಷ್ಟಕ ಬರೆದಿದ್ದಳು. ಒಂದು ತಪ್ಪೂ ಇಲ್ಲದೆ ಎಲ್ಲವನ್ನೂ ಓದಿ ವಿವರಿಸಿದಳು. ಪರದೆಯಲ್ಲಿ ನಾಲ್ಕು ಜನ ಕಲಿಯುವವರು ತಲೆ ಆಡಿಸುತ್ತಿದ್ದರು. ಕೊನೆಗೆ ಪರೀಕ್ಷಿಸಲು ಕೂತಿದ್ದ ವೀರೇಂದ್ರ ಸರ್ ಅವರಲ್ಲಿ ಒಬ್ಬ ಹುಡುಗಿಯನ್ನು ಕೇಳಿದರು, “ಪದ್ಮಾವತಿ, ನನಗ ಇಲ್ಲಿ ಬರ್ರಿ ಅಂತ ಸ್ಪ್ಯಾನಿಷಿನಾಗ ಹೇಳಮ್ಮ.”

ಪದ್ಮಾವತಿ ಬಾಯಿ ತೆರೆದಳು, ಕೋಷ್ಟಕ ಹುಡುಕಿದಳು, ಬಾಯಿ ಮುಚ್ಚಿದಳು.

ವೀರೇಂದ್ರ ಸರ್ ರಾಯಚೂರು ಕಡೆಯವರು. ಉಳಿದವರನ್ನು ಕಳಿಸಿ ಕನ್ನಡದಲ್ಲೇ ಹೇಳಿದರು. “ಅಂಬಿಕಾ ಅವರ, ನಿಮಗ ಬರ್ತೈತಿ. ಅವರಿಗೆ ಬರಲಿಲ್ಲ. ಹುಕುಂ ಮಾಡೋದು ಹೆಂಗಂತ ಇಪ್ಪತ್ತು ನಿಮಿಷ ಹೇಳಿದ್ರಿ, ಒಬ್ಬರಿಗೂ ಒಂದ ಕೆಲಸ ಹೇಳಲಿಲ್ಲ. ಮುಂದಿನ ಭಾನುವಾರ ಹತ್ತು ಗಂಟೆಗೆ ಇನ್ನೊಮ್ಮೆ ನೋಡ್ತೀನಿ. ಆಮ್ಯಾಲ ನನ್ನ ಕೈಯಾಗಿಲ್ಲ.”

ಅಂಬಿಕಾ ಅಳಲಿಲ್ಲ. ಕೋಷ್ಟಕವನ್ನು ಸುತ್ತಿ ಅಟ್ಟಕ್ಕೆ ಹಾಕಿದಳು. ಶಾಲೆಗೆ ವಾರದ ರಜೆ ಬರೆದು, ಸಿಂಧನೂರಿನ ಬಸ್ಸು ಹತ್ತಿ, ಅಲ್ಲಿಂದ ಆಟೋದಲ್ಲಿ ಗೊರೇಬಾಳಕ್ಕೆ ಬಂದಳು. ಹುಕುಂ ಎಂದರೆ ಏನೆಂದು ನೋಡಬೇಕಾದರೆ ಅವ್ವನ ಮಡಿಗಿಂತ ಬೇರೆ ಶಾಲೆ ಅವಳಿಗೆ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಜಂಬಣ್ಣನವರ ಹೊಲದಲ್ಲಿ ನಾಟಿ. ಒಡ್ಡಿನ ಮೇಲೆ ಕೂತ ಅಂಬಿಕಾ ಒಂದು ತಾಸು ನೋಡಿದಳು. ಆಮೇಲೆ ಅವಳಿಗೆ ತಡೆಯಲಾಗಲಿಲ್ಲ. ಎಲ್ಲರಿಗೂ ‘ಇಡಿ’ ಎನ್ನುವುದಕ್ಕೆ ಪೊಂಗಾನ್ ಎನ್ನುತ್ತಾರೆಂದು ಬುತ್ತಿಯ ಹೊತ್ತಿನಲ್ಲಿ ಹೆಂಗಸರಿಗೆ ಕಲಿಸಿದಳು. ಅವರು ಮತ್ತೆ ಮಡಿಗಿಳಿದು ಸಾಲಾಗಿ ನಿಂತದ್ದೇ ತಡ, ಒಡ್ಡಿನಿಂದ ಕೂಗಿದಳು, “ಪೊಂಗಾನ್!”

ಅದೇ ಗಳಿಗೆಯಲ್ಲಿ ಆ ಮೂಲೆಯಿಂದ ಗಾಳೆಮ್ಮ ಕೂಗಿದಳು, “ಹಿಂದ ಸರೀರಿ!”

ಅರ್ಧ ಜನ ಬಾಗಿ ಸಸಿ ಇಟ್ಟರು. ಅರ್ಧ ಜನ ಹಿಂದೆ ಸರಿದರು. ಕಸ್ತೂರೆಮ್ಮ, ಗುಂಪಿನಲ್ಲೇ ಹಿರಿಯಳು, ಹಣೆಯ ವಿಭೂತಿ ಸಮೇತ ಪಕ್ಕದ ಶೇಖರಮ್ಮನ ಬೆನ್ನಿಗೆ ಬಡಿದು ಕೆಸರಲ್ಲಿ ಕೂತಳು. ಹಚ್ಚಿದ ಮೂರು ಸಾಲು ಕಾಲಡಿ ಸಿಕ್ಕಿ ಹಾಳಾದವು.

ನಗುವವರೆಲ್ಲ ನಕ್ಕರು. ಗಾಳೆಮ್ಮ ನಗಲಿಲ್ಲ. ಕೆಸರು ಕೈಯಲ್ಲೇ ಒಡ್ಡಿಗೆ ಬಂದು ನಿಂತಳು.

“ಯಾರ್ ಬೇ ಹುಕುಂ ಮಾಡಿದಾಕಿ?”

“ನಾನ ಯವ್ವಾ. ಸುಮ್ನ ನೋಡೋಣಂತ...”

“ಮಡಿಯಾಗ ಒಂದ ಬಾಯಿ. ನೀ ಇಲ್ಲೇ ಹುಟ್ಟಿ ಬೆಳೆದಾಕಿ, ಇದು ಗೊತ್ತಿಲ್ಲೇನು ನಿನಗ? ಮಾಲೀಕರು ಬಂದ್ರೂ ನನ್ನ ಕಿವ್ಯಾಗ ಹೇಳ್ತಾರ, ತಾವು ಒದರಂಗಿಲ್ಲ. ಎರಡು ಬಾಯಿ ಆದ್ರ ಸಾಲು ಸೊಟ್ಟ, ಸಾಲು ಸೊಟ್ಟ ಆದ್ರ ಬೆಳಿ ಸೊಟ್ಟ. ಇಳಿ. ಕೆಡಿಸಿದ ಮೂರು ಸಾಲು ನೀನ ಹಚ್ಚು.”

ಅಂಬಿಕಾ ಸೀರೆ ಎತ್ತಿ ಕಟ್ಟಿ ಇಳಿದಳು. ಆರು ವರ್ಷದಿಂದ ಕಾಗದದ ಮೇಲಷ್ಟೇ ಬಾಗಿದ್ದ ಬೆನ್ನು ಎರಡನೆಯ ಸಾಲಿಗೇ ಕೂಗಿಕೊಂಡಿತು. ಕಸ್ತೂರೆಮ್ಮ ಪಕ್ಕದಲ್ಲಿ ಸಸಿ ಒಗೆಯುತ್ತಾ, “ಪೊಂಗಾನ್ ತಾಯಿ, ಪೊಂಗಾನ್” ಎಂದು ಕಾಡಿದಳು.

ಮರುದಿನ ಬೆಳಿಗ್ಗೆ ಅವಳು ಒಡ್ಡಿನ ಮೇಲೆ ಕೂರಲಿಲ್ಲ. ಎಲ್ಲರ ಜೊತೆ ಸಾಲಿನಲ್ಲಿ ನಿಂತಳು. ಹಾಗೆ ನಿಂತಾಗಲೇ, ಚಿಕ್ಕಂದಿನಿಂದ ಕೇಳುತ್ತಾ ಬಂದು ಎಂದೂ ಕೇಳಿಸಿಕೊಳ್ಳದ ಒಂದು ಸಂಗತಿ ಅವಳಿಗೆ ಕೇಳಿಸಿತು. ಮಡಿಗೆ ಇಳಿಯುವ ಮೊದಲು ಪ್ರತಿಯೊಬ್ಬಳೂ ಒಂದೊಂದು ಹಿಡಿ ಸಸಿ ಎದೆಗೆ ಹಿಡಿದು ನಿಲ್ಲುತ್ತಾಳೆ. ಗಾಳೆಮ್ಮ ಎನ್ನುತ್ತಾಳೆ, “ನೀರು ಬರಲಿ.” ಎಲ್ಲರೂ ಎನ್ನುತ್ತಾರೆ, “ಬರಲಿ.” ಆಮೇಲೆ ಯಾರು ಬೇಕಾದರೂ. ಕಸ್ತೂರೆಮ್ಮ ಶಿವನ ಹೆಸರಿನಲ್ಲಿ “ಬೆಳಿ ಚಲೋ ಆಗಲಿ” ಎನ್ನುತ್ತಾಳೆ. ಪೀರ್‌ಸಾಬರ ಹೆಂಡತಿ ತನ್ನ ಮಾತಿನಲ್ಲಿ ದುವಾ ಮಾಡುತ್ತಾಳೆ. ಶೇಖರಮ್ಮ “ಸೊಸಿಗೆ ಸುಸೂತ್ರ ಹೆರಿಗಿ ಆಗಲಿ” ಎನ್ನುತ್ತಾಳೆ. ಎಲ್ಲದಕ್ಕೂ ಎಲ್ಲರೂ “ಆಗಲಿ” ಎನ್ನುತ್ತಾರೆ. ಹಾರೈಕೆ ಮುಗಿದ ಮೇಲೆಯೇ ಗಾಳೆಮ್ಮನ ಮೊದಲ ಹುಕುಂ. ಹಾರೈಸದೆ ಅವಳು ಎಂದೂ ಹುಕುಂ ಮಾಡಿದವಳಲ್ಲ.

ಅಂಬಿಕಾಳ ಕೈಯಲ್ಲಿನ ಸಸಿ ಹಾಗೇ ನಿಂತಿತು. ಪುಸ್ತಕದಲ್ಲಿ ಮೊದಲು ಹುಕುಂ, ಆಮೇಲೆ ಹಾರೈಕೆ. ಅದಕ್ಕೇ ಹುಕುಮಿನ ಮಾತುಗಳೆಲ್ಲ ಎಲ್ಲಿಂದಲೋ ಬಿದ್ದ ಕಲ್ಲಿನಂತೆ ಕಾಣುತ್ತವೆ. ಹಾರೈಕೆಯನ್ನು ಮೊದಲು ಹೇಳಿದರೆ? ‘ನೀರು ಬರಲಿ’ ಎನ್ನುವಾಗಿನ ‘ಬರಲಿ’ಗೆ ಆ ಭಾಷೆಯಲ್ಲಿ ವೆಂಗಾ. ಹಿರಿಯರಿಗೆ ‘ಬರ್ರಿ’ ಎನ್ನಲೂ ಅದೇ ವೆಂಗಾ. ಹತ್ತು ಜನರಿಗೆ ‘ಬರ್ರಿ’ ಎನ್ನಲು ವೆಂಗಾನ್. ದೊಡ್ಡವರಿಗೂ ಗುಂಪಿಗೂ ಮಾಡುವ ಹುಕುಂ ಆ ಜನಕ್ಕೂ ಹಾರೈಕೆಯಿಂದಲೇ ಹುಟ್ಟುತ್ತದೆ. ತೀರಾ ಸಲಿಗೆಯವರಿಗೆ ಮಾತ್ರ ಆ ಸವೆದ ತುಂಡು ಮಾತು, ವೆನ್. ನಲವತ್ತೆಂಟು ಮನೆಯ ಕೋಷ್ಟಕ ಈ ಮಡಿಯ ಅಂಚಿನಲ್ಲಿ ಮೂರು ಮಾತಿಗೆ ಇಳಿದಿತ್ತು.

ಬುತ್ತಿ ಬಿಚ್ಚುವಾಗ ತಾಯಿಯ ಹತ್ತಿರ ಕೂತಳು. “ಯವ್ವಾ, ನನ್ನ ಪಾಠ ಇಲ್ಲೇ ಆಗಬೇಕು. ಭಾನುವಾರ ಹತ್ತಕ್ಕ.”

“ಮಾಡು. ಒಡ್ಡು ಐತಿ.”

“ನಿಮ್ಮ ಗುಂಪಿಗೆ ಆ ಮಾತಿನಾಗ ಹುಕುಂ ಮಾಡಿ ತೋರಸಬೇಕು.”

ಗಾಳೆಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. “ಹಾರೈಕಿ ಯಾರರ ಮಾಡಬಹುದು, ನೀನೂ ಮಾಡು, ಬ್ಯಾಡನ್ನಲ್ಲ. ಹುಕುಂ ಮಾಡಾಕ ಬಿಡಂಗಿಲ್ಲ. ಇವತ್ತು ಮಗಳಂತ ನಿನಗ ಬಿಟ್ರ, ನಾಳೆ ಇವರು ನನ್ನ ಮಾತು ಯಾಕ ಕೇಳ್ಯಾರು?”

“ಹಂಗಾದ್ರ ನನ್ನ ಕೆಲಸ ಹೋಗ್ತೈತಿ ಬೇ.”

ಗಾಳೆಮ್ಮ ಕಾಲುವೆಯ ಕಡೆ ನೋಡುತ್ತಾ ರೊಟ್ಟಿ ಅಗಿದಳು. ನುಂಗಿದಳು. ನೀರು ಕುಡಿದಳು. ಆಮೇಲೆ, “ಎಷ್ಟು ಮಾತವು?” ಎಂದಳು.

“ಯಾವು?”

“ಹುಕುಮಿನ ಮಾತು. ನಾನ ಕಲೀತೀನಿ. ನನ್ನ ಮಡಿ, ನನ್ನ ಬಾಯಿ. ಯಾವ ದೇಶದ ಮಾತಾದ್ರೇನು?”

ಮಂಗಳವಾರ ಮಧ್ಯಾಹ್ನದಿಂದ ಶನಿವಾರದವರೆಗೆ ಗಾಳೆಮ್ಮ ಕಲಿತಳು. ಬರೆದುಕೊಳ್ಳುವವಳಲ್ಲ, ಆದ್ದರಿಂದ ಒಂದೊಂದು ಮಾತನ್ನೂ ಕೆಲಸದಲ್ಲಿ ಊರಿದಳು. ಮಡಿಗೆ ಇಳಿಯಲು ವೆಂಗಾನ್. ಸಸಿ ಇಡಲು ಪೊಂಗಾನ್. ಸಸಿಯ ಕಟ್ಟು ಹಿಡಿಯಲು ತೆಂಗಾನ್. ಮೇಲೆ ಹತ್ತಿ ಹೊರಗೆ ಬರಲು ಸಾಲ್ಗಾನ್. ಒಬ್ಬಳನ್ನೇ ಕರೆಯಲು ವೆನ್, ಅದು ಅವಳಿಗೆ ಎಲ್ಲಕ್ಕಿಂತ ಹಿಡಿಸಿತು. “ಇದು ಚಲೋ ಐತಿ ನೋಡು. ಕಲ್ಲು ಒಗದಂಗ.” ಹೆಂಗಸರಿಗೂ ಆಟವಾಯಿತು. ಹೊಲ ನೋಡಲು ಬಂದ ಜಂಬಣ್ಣನವರು ಕಿವಿಗೊಟ್ಟು, “ಏನ್ ಗಾಳೆಮ್ಮ, ಆಂಧ್ರದ ಮಾತು ಆಡಾಕತ್ತಿಯಲ್ಲ?” ಎಂದರು.

“ಅಲ್ಲರೀ ಧಣ್ಯಾರ. ಅದರಾಚೆದು.”

ಶುಕ್ರವಾರ ಫೋನಿಗೆ ಹೊಸ ಬ್ಯಾಟರಿ ಹಾಕಿಸಲು ಲಿಂಗಸುಗೂರಿಗೆ ಹೋದ ಅಂಬಿಕಾ, ದಾರಿಯಲ್ಲೇ ಇದ್ದ ಜಬೀವುಲ್ಲಾ ಚಾಚಾನಿಗೆ ಸಲಾಂ ಹೇಳಿದಳು. “ಚಾಚಾ, ಆ ರದ್ದಿ ಪುಸ್ತಕದಾಗ ಒಂದು ಮಾತೈತಿ, ಒಹಾಲಾ ಅಂತ. ಹಿಂಗಾಗಲಿ ಅಂತ ಆಸಿಪಟ್ಟು ಹೇಳಾಕ ಬಳಸ್ತಾರ. ಹಿಂದಕ ಅರಬ್ಬಿಯಿಂದ ಆ ದೇಶಕ್ಕ ಹೋಗಿದ್ದಂತ. ಅಲ್ಲಾಹ್ ಮನಸ್ಸು ಮಾಡಿದ್ರ ಅಂತ ಅರ್ಥ.”

ಚಾಚಾ ತಕ್ಕಡಿ ಕೆಳಗಿಟ್ಟ. “ಅದರಾಗ ಅವನ ಹೆಸರು ಇತ್ತೇನು? ನಾ ರದ್ದಿಯಾಗ ಒಗೆದಿದ್ದೆನಲ್ಲವ್ವಾ!” ಎಂದು ಗಲ್ಲ ಮುಟ್ಟಿಕೊಂಡ. ಭಾನುವಾರದ ವಿಷಯ ಕೇಳಿ ಎರಡೂ ಕೈ ಎತ್ತಿ ಅವಳಿಗಾಗಿ ಒಂದು ದುವಾ ಮಾಡಿದ.

ಭಾನುವಾರ ಹತ್ತಕ್ಕೆ ಐದು ನಿಮಿಷ ಇತ್ತು. ಅಂಬಿಕಾಳ ಗಂಡ ರಾಜೇಶ ಮಸ್ಕಿಯಿಂದ ಬಂದಿದ್ದ. ಅವನು ಗಾಳೆಮ್ಮನ ತಮ್ಮನ ಮಗನೇ, ಅತ್ತೆಯ ಎದುರು ದನಿ ಎತ್ತಿದವನಲ್ಲ. ಒಡ್ಡಿನ ಮೇಲೆ ಫೋನು ಹಿಡಿದು ನಿಂತ. ಪರದೆಯಲ್ಲಿ ವೀರೇಂದ್ರ ಸರ್ ಮತ್ತು ಆ ನಾಲ್ಕು ಮುಖಗಳು ಕಂಡವು.

“ಇದೇನು, ಹೊಲದಾಗ?” ಎಂದರು ಸರ್.

“ಹೌದ್ರಿ. ಪಾಠ ಇಲ್ಲೇ ಐತಿ.”

ಇಪ್ಪತ್ತೆರಡು ಜನ ಸಸಿ ಎದೆಗೆ ಹಿಡಿದು ನಿಂತಿದ್ದರು. ಗಾಳೆಮ್ಮ ಎಂದಳು, “ನೀರು ಬರಲಿ.” “ಬರಲಿ,” ಎಂದರು ಎಲ್ಲರೂ. ಅಂಬಿಕಾ ಎಂದಳು, “ಕೆ ವೆಂಗಾ ಎಲ್ ಆಗ್ವಾ.”

“ಬೆಳಿ ಚಲೋ ಬರಲಿ,” ಎಂದಳು ಕಸ್ತೂರೆಮ್ಮ. “ಕೆ ಸಾಲ್ಗಾ ಬಿಯೆನ್ ಲಾ ಕೊಸೆಚಾ,” ಎಂದಳು ಅಂಬಿಕಾ.

“ಮನಿಯಾಗ ನೆಮ್ಮದಿ ಇರಲಿ,” ಎಂದಳು ಶೇಖರಮ್ಮ. “ಕೆ ಆಯಾ ಪಾಸ್ ಎನ್ ಕಾಸಾ.”

ಪರದೆಯ ನಾಲ್ಕು ಮುಖಗಳೂ ತಾವಾಗಿಯೇ ಅವಳ ಹಿಂದೆ ಹೇಳತೊಡಗಿದವು. ಆಗ ಅಂಬಿಕಾ ಪಕ್ಕಕ್ಕೆ ಸರಿದು ತಾಯಿಗೆ ತಲೆಬಾಗಿದಳು. ಗಾಳೆಮ್ಮ ಸೆರಗು ಬಿಗಿದು ಕೂಗಿದಳು, “ವೆಂಗಾನ್!”

ಇಪ್ಪತ್ತೊಂದು ಜೋಡಿ ಕಾಲು ಒಂದೇ ಸಲ ನೀರಿಗಿಳಿದವು. “ತೆಂಗಾನ್!” ಕಟ್ಟುಗಳು ಎಡಗೈಗೆ ಬಂದವು. “ಪೊಂಗಾನ್!” ಬೆನ್ನುಗಳು ಬಾಗಿದವು, ಹಸಿರು ಸಾಲು ಕೆಸರಿನ ಮೇಲೆ ಮೂಡಿತು. ಕಸ್ತೂರೆಮ್ಮ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಒಡ್ಡಿನಲ್ಲೇ ಉಳಿದಿದ್ದಳು. “ಕಸ್ತೂರೆ, ವೆನ್!” ಎಂದು ಬಿತ್ತು ಕಲ್ಲು. ಕಸ್ತೂರೆಮ್ಮ ಓಡಿದಳು.

“ಒಬ್ಬರಿಗೆ ಸಲಿಗಿಲೆ ವೆನ್. ಬರಲಿ ಅನ್ನಾಕ ವೆಂಗಾ. ಎಲ್ಲಾರಿಗೂ ವೆಂಗಾನ್. ಈಗ ನೋಡಿದ್ರಲ್ಲ?” ಎಂದಳು ಅಂಬಿಕಾ.

“ನೋಡಿದ್ವಿ. ಈಗ ಇವರು ಹೇಳಲಿ. ಪದ್ಮಾವತಿ, ಆ ಹೆಣ್ಮಕ್ಕಳಿಗೆ ಹೊರಗ ಬರ್ರಿ ಅನ್ನು,” ಎಂದರು ವೀರೇಂದ್ರ ಸರ್.

ಪದ್ಮಾವತಿ ಈ ಸಲ ಕೋಷ್ಟಕ ಹುಡುಕಲಿಲ್ಲ. “ಸಾಲ್ಗಾನ್!” ಎಂದಳು ಸ್ಪಷ್ಟವಾಗಿ.

ಯಾರೂ ಕದಲಲಿಲ್ಲ.

ಕೇಳಿಸಿರಲಿಲ್ಲ ಎಂದಲ್ಲ. ಎಲ್ಲರೂ ತಲೆ ಎತ್ತಿ ಗಾಳೆಮ್ಮನನ್ನು ನೋಡಿದರು. ಇದನ್ನು ಅಂಬಿಕಾ ಲೆಕ್ಕಕ್ಕೇ ಹಿಡಿದಿರಲಿಲ್ಲ. ಪರದೆಯಲ್ಲಿ ಪದ್ಮಾವತಿಯ ಮುಖ ಸಣ್ಣದಾಗುತ್ತಿತ್ತು, ತಾನೇ ತಪ್ಪು ಹೇಳಿದೆನೆಂದು. ಆ ಒಂದು ಹುಡುಗಿಯ ಮುಖದ ಮೇಲೆ ತನ್ನ ಆರು ವರ್ಷ ನಿಂತಿದೆ ಎಂದು ಅಂಬಿಕಾಳಿಗೆ ಗೊತ್ತಿತ್ತು. ಆದರೂ ಅವಳು ತಾಯಿಯ ಮೇಲೆ ಕೂಗಲಿಲ್ಲ, ಬೇಡಿಕೊಳ್ಳಲಿಲ್ಲ. ಮಡಿಯಲ್ಲಿ ಒಂದೇ ಬಾಯಿ. “ನೀನು ಸರಿಯಾಗೇ ಹೇಳಿದಿ ಪದ್ಮಾವತಿ. ಆದ್ರ ಈ ಮಡಿಯೊಳಗ ಹುಕುಂ ನಮ್ಮವ್ವಂದು,” ಎಂದಳು.

ಗಾಳೆಮ್ಮ ಕೆಸರು ದಾಟಿ ಫೋನಿನ ಹತ್ತಿರ ಬಂದಳು. ಪದ್ಮಾವತಿಯ ಮುಖವನ್ನು ಬಗ್ಗಿ ನೋಡಿದಳು.

“ಹೌದವ್ವಾ ಕೂಸೇ, ಮಾತು ಚಲೋ ಅಂದಿ. ಇವರಿಗೆ ಅನಬ್ಯಾಡ ಅಷ್ಟ.” ಆಮೇಲೆ ತಲೆ ಎತ್ತಿದಳು. “ಇಗೋ, ನಮ್ಮ ರಾಜೇಶ ಅದಾನ. ಒಡ್ಡಿನ ಮ್ಯಾಲ ನಿಂತಾನ. ಒಡ್ಡು ನನ್ನ ಮಡಿ ಅಲ್ಲ. ಅವಗ ಎಷ್ಟು ಹುಕುಂ ಮಾಡ್ತಿ ಮಾಡು.”

ಮಡಿಯೆಲ್ಲ ಘೊಳ್ಳೆಂದಿತು. ರಾಜೇಶ “ಅತ್ತೀ!” ಎಂದ, ಆದರೆ ಫೋನು ಆಗಲೇ ಅಂಬಿಕಾಳ ಕೈಗೆ ಹೋಗಿತ್ತು. ಪದ್ಮಾವತಿ, ಹಿರಿಯರಲ್ಲವೇ ಎಂದು, ಮರ್ಯಾದೆಯಿಂದಲೇ ಕರೆದಳು. “ವೆಂಗಾ!” ರಾಜೇಶ ಬಂದ. ಎರಡನೆಯವನು “ತೆಂಗಾ!” ಎಂದ. ರಾಜೇಶ ಸಸಿಯ ಕಟ್ಟು ಹಿಡಿದ. ಮೂರನೆಯವಳು “ವಾಯಾ!” ಎಂದಳು. ರಾಜೇಶ ಹೋದ. ನಾಲ್ಕನೆಯವನು “ದಿಗಾ!” ಎಂದ, ಏನಾದರೂ ಹೇಳಿ ಎಂದು. ರಾಜೇಶ ಒಡ್ಡಿನ ಆ ತುದಿಯಿಂದ ಕೈಮುಗಿದು, “ಸಾಕು ಮಾಡ್ರಪ್ಪಾ!” ಎಂದು ಕೂಗಿದ. ನಾಲ್ವರೂ ಒಬ್ಬರ ಮಾತನ್ನೊಬ್ಬರು ಕಸಿದುಕೊಂಡು ಹುಕುಂ ಮಾಡುತ್ತಿದ್ದರು. ಯಾರೂ ತಡವರಿಸಲಿಲ್ಲ. ಇಪ್ಪತ್ತು ನಿಮಿಷ ಮುಗಿದು ಹನ್ನೊಂದು ನಿಮಿಷ ಮೇಲಾಗಿತ್ತು.

ವೀರೇಂದ್ರ ಸರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ನಕ್ಕು ನಕ್ಕು. “ಅಂಬಿಕಾ ಅವರ, ಮುಂದಿನ ತಿಂಗಳಿಂದ ಬೆಳಗಿನ ತರಗತಿ ನಿಮ್ಮದು. ಒಂದನೇ ಪಾಠದಿಂದ ಶುರು ಮಾಡ್ರಿ.”

“ಒಂದನೇ ಪಾಠ ನನ್ನ ಪುಸ್ತಕದಾಗಿಲ್ಲರೀ. ಆದ್ರೂ ಮಾಡ್ತೀನಿ,” ಎಂದಳು ಅಂಬಿಕಾ.

ಫೋನು ಆರಿತು. ಅವಳು ಅದನ್ನು ಎದೆಗೆ ಒತ್ತಿಕೊಂಡು ಒಂದು ಗಳಿಗೆ ಕಣ್ಣು ಮುಚ್ಚಿದಳು. ದೂರದ ಊರಿನ ನಾಲ್ಕು ಬಾಯಲ್ಲಿ ಅವಳ ಮಾತು ಈಗ ಓಡಾಡುತ್ತಿತ್ತು. ಯಾರ ಕೂಡ ಆಡ್ತಿ ಎಂದು ನಾಳೆ ಶಾಲೆಯಲ್ಲಿ ಯಾರಾದರೂ ಕೇಳಿದರೆ ಹೇಳಲು ಹೆಸರುಗಳಿದ್ದವು. ಕಸ್ತೂರೆಮ್ಮ, ಶೇಖರಮ್ಮ, ಪದ್ಮಾವತಿ.

ಮಡಿಯ ಮೂಲೆಯಿಂದ ಗಾಳೆಮ್ಮ ನೋಡಿದಳು. “ಆತೇನು ನಿಂದು?”

“ಆತು ಯವ್ವಾ. ತಗೊಂಡ್ರು.”

“ಚಲೋ ಆತು.” ಗಾಳೆಮ್ಮ ಒಂದು ಕಟ್ಟು ಸಸಿ ಎತ್ತಿ, ಸಾಲಿನಲ್ಲಿ ಖಾಲಿ ಇದ್ದ ಜಾಗಕ್ಕೆ ಒಗೆದಳು. “ಹಂಗಾದ್ರ, ವೆನ್.”

ಅಂಬಿಕಾ ಫೋನನ್ನು ಗಂಡನ ಜೇಬಿಗೆ ಹಾಕಿ, ಸೀರೆ ಎತ್ತಿ ಕಟ್ಟಿ ಮಡಿಗಿಳಿದಳು.